ಮಡಚುವ ಚಾಕು



ಹಗಲೆಲ್ಲ ದುಡಿದು ದಣಿದಿದ್ದೀರಿ. ಆದರೂ ಪುಸ್ತಕ, ಪೆನ್ಸಿಲ್ಲು ಹಿಡಿದು ಬಂದಿದ್ದೀರಿ. ಇವತ್ತು ನಾವೆಲ್ಲ ಸೇರಿ ಒಂದು ಸಣ್ಣ ಸಾಮಾನಿನ ಬಗ್ಗೆ ಮಾತಾಡೋಣ. ಅದು ಮಡಚುವ ಚಾಕು.

"ಚಾಕುವಿನ ಬಗ್ಗೆ ಏನು ಪಾಠ?" ಅಂತ ನೀವು ಕೇಳಬಹುದು. ಕೇಳಿ, ತಪ್ಪಿಲ್ಲ. ಮಾತು ಮುಗಿಯುವ ಹೊತ್ತಿಗೆ ಉತ್ತರ ನೀವೇ ಹೇಳ್ತೀರಿ.

ನಮ್ಮ ಮನೆಯ ಅಲಗುಗಳು

ಮೊದಲು ನಿಮ್ಮ ಮನೆಯಲ್ಲಿ ಎಷ್ಟು ಅಲಗುಗಳಿವೆ, ಲೆಕ್ಕ ಹಾಕಿ. ಅಡುಗೆಮನೆಯಲ್ಲಿ ಈಳಿಗೆಮಣೆ ಇದೆ. ಹೊಲಕ್ಕೆ ಕುಡುಗೋಲು ಇದೆ. ಸೌದೆಗೆ ಮಚ್ಚು ಇದೆ. ಎಲೆ ಅಡಿಕೆ ಹಾಕುವ ಅಜ್ಜಿಯ ಹತ್ತಿರ ಅಡಕತ್ತರಿ ಇದೆ. ಮಲೆನಾಡಿನ ಕಡೆ ಅಡಿಕೆ ಸುಲಿಯುವ ಮೆಟ್ಟುಗತ್ತಿ ಇದೆ. ಇವುಗಳಲ್ಲಿ ಹೆಚ್ಚು ಕೆಲಸ ಮಾಡುವ ಕೈ ಯಾರದು? ನಮ್ಮದೇ ಅಲ್ವಾ?

ಆದರೆ ಒಂದು ಮಾತು ಗಮನಿಸಿ. ಈಳಿಗೆಮಣೆ ಅಡುಗೆಮನೆ ಬಿಟ್ಟು ಹೊರಗೆ ಬರೋದಿಲ್ಲ. ಕೆಲಸ ಮುಗಿದ ಮೇಲೆ ಗೋಡೆಗೆ ಒರಗಿ ಕೂರುತ್ತದೆ. ಮಡಚುವ ಚಾಕು ಹಾಗಲ್ಲ. ಅದು ಮನುಷ್ಯನ ಜೊತೆಗೇ ಹೋಗುತ್ತದೆ. ತೋಟಕ್ಕೆ, ಸಂತೆಗೆ, ಪಯಣಕ್ಕೆ ಹೋಗುತ್ತದೆ. ಅದು ಇರೋದು ಜೇಬಿನಲ್ಲಿ. ಜೇಬು ಯಾರಿಗಿದೆ? ಅಂಗಿ ಹಾಕುವ ಗಂಡಸರಿಗೆ ಇದೆ. ನಮ್ಮ ಸೀರೆಗೆ ಜೇಬಿಲ್ಲ. ಸೆರಗಿನ ಗಂಟು, ಸೊಂಟದ ಸಂಚಿ, ಅಷ್ಟೇ ನಮ್ಮ ಜೇಬು. ಜೇಬಿದ್ದವರ ಕೈಗೆ ಚಾಕು ಹೋಯಿತು. ಮನೆಯಲ್ಲಿ ಇರುವವರ ಕೈಗೆ ಈಳಿಗೆಮಣೆ ಬಂತು. ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಸಣ್ಣ ವಿಷಯದಲ್ಲೂ ಯೋಚನೆ ಮಾಡುವಂಥದು ಇರುತ್ತದೆ.

ಅಲಗು ಹಿಡಿಯೊಳಗೆ ಹೋಗುವುದು ಹೇಗೆ?

ಮಡಚುವ ಚಾಕುವಿಗೆ ಎರಡು ಮುಖ್ಯ ಭಾಗ. ಒಂದು ಅಲಗು, ಇನ್ನೊಂದು ಹಿಡಿ. ಹಿಡಿಯ ನಡುವೆ ಉದ್ದಕ್ಕೂ ಒಂದು ಸೀಳು ಇರುತ್ತದೆ. ಒಂದು ಸಣ್ಣ ಮೊಳೆ ಎರಡನ್ನೂ ಜೋಡಿಸುತ್ತದೆ. ಆ ಮೊಳೆಯ ಮೇಲೆ ಅಲಗು ತಿರುಗುತ್ತದೆ. ಮಡಚಿದಾಗ ಹರಿತವಾದ ಬಾಯಿ ಸೀಳಿನೊಳಗೆ ಅಡಗುತ್ತದೆ. ಆಗ ಬಟ್ಟೆ ಹರಿಯೋದಿಲ್ಲ, ಕೈ ಕುಯ್ಯೋದಿಲ್ಲ.

ಇದು ಹೊಸ ಉಪಾಯ ಅಲ್ಲ. ಸುಮಾರು 2000 ವರ್ಷಗಳ ಹಿಂದೆ ರೋಮ್ ಸಾಮ್ರಾಜ್ಯದ ಜನರೂ ಮಡಚುವ ಚಾಕು ಬಳಸುತ್ತಿದ್ದರು. ಮಣ್ಣು ಅಗೆದಾಗ ಅಂಥ ಚಾಕುಗಳು ಸಿಕ್ಕಿವೆ.

ಫ್ರಾನ್ಸ್ ದೇಶದಲ್ಲಿ ಸವೊಯ್ ಎಂಬ ಬೆಟ್ಟದ ಸೀಮೆ ಇದೆ. ಅಲ್ಲಿ 1890ರಲ್ಲಿ ಜೋಸೆಫ್ ಒಪಿನೆಲ್ ಎಂಬ ಯುವಕ ರೈತರಿಗಾಗಿ ಒಂದು ಸರಳ ಚಾಕು ಮಾಡಿದ. ಮರದ ಹಿಡಿ, ಒಂದೇ ಅಲಗು. 1897ರಲ್ಲಿ ಅದನ್ನೇ 1ರಿಂದ 12ರವರೆಗೆ ಹನ್ನೆರಡು ಅಳತೆಯಲ್ಲಿ ಮಾಡಿದ. ಸಣ್ಣ ಕೈಗೆ ಸಣ್ಣದು, ದೊಡ್ಡ ಕೈಗೆ ದೊಡ್ಡದು. 1955ರಲ್ಲಿ ಆ ಚಾಕುವಿಗೆ ಒಂದು ತಿರುಗುವ ಬಳೆ ಬಂತು. ಬಳೆ ತಿರುಗಿಸಿದರೆ ಅಲಗು ತಾನಾಗಿ ಮಡಚಿ ಬೆರಳಿನ ಮೇಲೆ ಬೀಳೋದಿಲ್ಲ. ಒಂದು ಬಳೆ ಎಷ್ಟೋ ಬೆರಳು ಉಳಿಸಿತು ನೋಡಿ!

ಚಾಕುವಿಗೂ ಅಕ್ಷರಕ್ಕೂ ನಂಟು

ಈಗ ನಮ್ಮ ಪಾಠಕ್ಕೆ ಹತ್ತಿರದ ಮಾತಿಗೆ ಬರೋಣ. ಕಾಗದ ಬರುವ ಮೊದಲು ನಮ್ಮ ಕಡೆ ತಾಳೆಗರಿಯ ಮೇಲೆ ಬರೆಯುತ್ತಿದ್ದರು. ಬರೆಯೋಕೆ ಕಬ್ಬಿಣದ ಮೊನೆ ಬೇಕು. ಅದಕ್ಕೆ ಕಂಟ ಅಂತ ಹೆಸರು. ಗರಿಯನ್ನು ಅಳತೆಗೆ ಕತ್ತರಿಸೋಕೆ ಚಾಕು ಬೇಕು. ದಕ್ಷಿಣ ಭಾರತದ ಜಾಣ ಕಮ್ಮಾರರು ಏನು ಮಾಡಿದರು ಗೊತ್ತೇ? ಒಂದೇ ಹಿಡಿಗೆ ಎರಡನ್ನೂ ಕೂಡಿಸಿದರು. ಒಂದು ತುದಿಯಲ್ಲಿ ಬರೆಯುವ ಮೊನೆ, ಇನ್ನೊಂದು ತುದಿಯಲ್ಲಿ ಚಾಕು. ಎರಡನ್ನೂ ಮಡಚಿ ಹಿಡಿಯೊಳಗೆ ಇಡಬಹುದು. ತಮಿಳರು ಇದನ್ನು ಮಡಕ್ಕೆೞುತ್ತಾಣಿ ಅಂತಾರೆ. ಮಡಚುವ ಕಂಟ ಅಂತ ಅದರ ಅರ್ಥ.

ಇಂಗ್ಲಿಷಿನಲ್ಲಿ ಸಣ್ಣ ಮಡಚುವ ಚಾಕುವಿಗೆ ಪೆನ್‌ನೈಫ್ ಅಂತಾರೆ. ಪೆನ್ ಅಂದರೆ ಲೇಖನಿ. ಹಿಂದೆ ಆ ದೇಶದವರು ಬಾತುಕೋಳಿ ಜಾತಿಯ ಹಕ್ಕಿಯ ಗರಿಯಿಂದ ಬರೆಯುತ್ತಿದ್ದರು. ಗರಿಯ ತುದಿ ಸವೆದಾಗ ಮತ್ತೆ ಚೂಪು ಮಾಡಬೇಕಿತ್ತು. ಅದಕ್ಕೆ ಇಟ್ಟುಕೊಂಡ ಚಾಕು ಅದು. ಗರಿಯ ಲೇಖನಿ ಹೋಯಿತು, ಹೆಸರು ಉಳಿಯಿತು.

ಹಾಗಾದರೆ ಮಡಚುವ ಚಾಕು ಬರೆಯುವವರ ಸಂಗಾತಿಯೂ ಆಗಿತ್ತು. ಆ ಸಂಗಾತಿ ಎಷ್ಟು ಹೆಣ್ಣುಮಕ್ಕಳ ಕೈಗೆ ಬಂದಿತ್ತು? ಕಂಟವೂ ಬರಲಿಲ್ಲ, ಗರಿಯೂ ಬರಲಿಲ್ಲ. "ಹೆಣ್ಣಿಗೆ ಓದು ಯಾಕೆ, ಕೆಟ್ಟು ಹೋಗ್ತಾಳೆ" ಅಂತ ಹೇಳಿದವರು ಬಹಳ ಮಂದಿ. ಅವರಿಗೆ ಓದು ಅಂದರೆ ಹೆಣ್ಣಿನ ಕೈಯಲ್ಲಿರುವ ಹರಿತವಾದ ಅಲಗು ಅನ್ನಿಸಿತ್ತು.

ಜಪಾನಿನ ಒಂದು ಕತೆ

ಜಪಾನ್ ದೇಶದಲ್ಲಿ ಮಿಕಿ ಎಂಬ ಊರು ಇದೆ. ಅದು ಕಮ್ಮಾರಿಕೆಗೆ ಹೆಸರಾದ ಊರು. ಅಲ್ಲಿ 1890ರ ದಶಕದಲ್ಲಿ ಒಂದು ಮಡಚುವ ಚಾಕು ಹುಟ್ಟಿತು. ಅದರ ಹೆಸರು ಹಿಗೊನೊಕಾಮಿ. ಹಿಗೊ ಸೀಮೆಯ ದೊರೆ ಅಂತ ಆ ಹೆಸರಿನ ಅರ್ಥ. ಹೆಸರು ದೊರೆಯದು, ಚಾಕು ಮಾತ್ರ ಬಡವರದು. ತಗಡನ್ನು ಮಡಚಿ ಮಾಡಿದ ಹಿಡಿ. ಒಂದು ಅಲಗು. ಅಲಗಿನ ಹಿಂದೆ ಹೆಬ್ಬೆರಳಿನಿಂದ ಒತ್ತುವ ಒಂದು ಸಣ್ಣ ಬಾಲ. ಬೀಗ ಇಲ್ಲ, ಸ್ಪ್ರಿಂಗ್ ಇಲ್ಲ. ಬಾಲದ ಮೇಲೆ ಹೆಬ್ಬೆರಳು ಒತ್ತಿ ಹಿಡಿದಿರುವುದೇ ಬೀಗ.

ಆ ಚಾಕು ಶಾಲೆಯ ಮಕ್ಕಳ ಕೈಗೆ ಬಂತು. ಮಕ್ಕಳು ಅದರಿಂದ ಪೆನ್ಸಿಲ್ಲು ಹೆರೆದರು. ಬಿದಿರು ಸೀಳಿ ಆಟಿಕೆ ಮಾಡಿದರು. ಮಿಕಿಯ ಹಲವು ಕುಲುಮೆಗಳಿಗೆ ಅದರಿಂದ ಅನ್ನ ಸಿಕ್ಕಿತು.

1960ರ ಅಕ್ಟೋಬರ್ 12ರಂದು ಒಂದು ಘೋರ ನಡೆಯಿತು. ಇನೆಜಿರೊ ಅಸಾನುಮ ಎಂಬ ರಾಜಕೀಯ ನಾಯಕರು ಸಭೆಯಲ್ಲಿ ಮಾತಾಡುತ್ತಿದ್ದರು. 17 ವರ್ಷದ ಒಬ್ಬ ಹುಡುಗ ವೇದಿಕೆಗೆ ನುಗ್ಗಿ ಅವರನ್ನು ಇರಿದು ಕೊಂದ. ಅವನು ಇರಿದದ್ದು ಗಿಡ್ಡ ಖಡ್ಗದಿಂದ, ಮಡಚುವ ಚಾಕುವಿನಿಂದ ಅಲ್ಲ. ಆದರೂ ದೇಶವೆಲ್ಲ ಹೆದರಿತು. "ಮಕ್ಕಳ ಕೈಗೆ ಅಲಗು ಕೊಡಬೇಡಿ" ಅಂತ ಚಳವಳಿ ಎದ್ದಿತು. ಪೆನ್ಸಿಲ್ಲು ಹೆರೆಯುವ ಯಂತ್ರವೂ ಬಂತು. ಮಕ್ಕಳ ಜೇಬಿನಿಂದ ಹಿಗೊನೊಕಾಮಿ ಹೊರಟು ಹೋಯಿತು. ಕುಲುಮೆಗಳು ಒಂದೊಂದಾಗಿ ಆರಿದವು. ಕೊನೆಗೆ ಆ ಹೆಸರಿನ ಚಾಕು ಮಾಡಲು ಉಳಿದದ್ದು ನಗಾವೊ ಎಂಬ ಒಂದು ಮನೆತನದ ಕುಲುಮೆ ಮಾತ್ರ.

ಕತೆ ಅಲ್ಲಿಗೇ ಮುಗಿಯಲಿಲ್ಲ. ಜಪಾನಿನ ನಗಾನೊ ಸೀಮೆಯಲ್ಲಿ ಇಕೆಡ ಎಂಬ ಊರಿದೆ. ಅಲ್ಲಿಯ ಐಸೊಮೆ ಪ್ರಾಥಮಿಕ ಶಾಲೆ 1983ರಲ್ಲಿ ಬೇರೆ ದಾರಿ ಹಿಡಿಯಿತು. ಒಂದನೇ ತರಗತಿಗೆ ಸೇರಿದ ಪ್ರತಿ ಮಗುವಿಗೂ ಒಂದು ಹಿಗೊನೊಕಾಮಿ ಕೊಡುವ ಪದ್ಧತಿ ಮಾಡಿತು. ಹುಡುಗನಿಗೂ ಕೊಟ್ಟರು, ಹುಡುಗಿಗೂ ಕೊಟ್ಟರು. ಮಕ್ಕಳು ಅದರಿಂದಲೇ ಪೆನ್ಸಿಲ್ಲು ಹೆರೆಯಲು ಕಲಿತರು.

ಈಗ ನೀವೇ ಹೇಳಿ. ಹೆದರಿ ಕಸಿದುಕೊಳ್ಳೋದು ಒಳ್ಳೆಯದೋ, ಕಲಿಸಿ ಕೈಗೆ ಕೊಡೋದು ಒಳ್ಳೆಯದೋ? ಚಾಕುವಿನಿಂದ ಅಪಾಯ ಇಲ್ಲ ಅಂತ ನಾವು ಹೇಳೋದಿಲ್ಲ. ಅಪಾಯ ಇದೆ. ಅದಕ್ಕೇ ಕಲಿಸಬೇಕು. ಹಿರಿಯರು ಪಕ್ಕದಲ್ಲಿ ಕೂತು ಕಲಿಸಬೇಕು. ಓದಿನ ಮಾತೂ ಹಾಗೇ. ಓದು ಬಾರದೆ ಹೆಬ್ಬೆಟ್ಟು ಒತ್ತಿದವರ ಹೊಲ ಹೋಗಿದೆ, ಮನೆ ಹೋಗಿದೆ. ಕಲಿಯದ ಕೈಗೇ ಅಪಾಯ ಹೆಚ್ಚು.

ನಮ್ಮ ದೇಶದ ರಾಂಪುರ

ಉತ್ತರ ಪ್ರದೇಶದ ರಾಂಪುರವೂ ಮಡಚುವ ಚಾಕುವಿಗೆ ಹೆಸರುವಾಸಿ. ನವಾಬರು ಆಳಿದ ಊರು ಅದು. ಅಲ್ಲಿಯ ಕೈಕೆಲಸದವರು ಕೊಂಬಿನ, ಮರದ, ಹಿತ್ತಾಳೆಯ ಹಿಡಿಗೆ ಚೆಂದದ ಕುಸುರಿ ಮಾಡುತ್ತಿದ್ದರು. ಆದರೆ ಹಿಂದಿ ಸಿನಿಮಾದಲ್ಲಿ ಖಳನಾಯಕನ ಕೈಯಲ್ಲಿ ರಾಂಪುರಿ ಬಂತು. ಕೈಕೆಲಸಕ್ಕೆ ಕೆಟ್ಟ ಹೆಸರು ಅಂಟಿತು. 1990ರ ದಶಕದಲ್ಲಿ ಸರ್ಕಾರ ಉದ್ದ ಅಲಗಿನ ರಾಂಪುರಿಗೆ ತಡೆ ಹಾಕಿತು. ಬಹಳ ಜನ ಕುಶಲಕರ್ಮಿಗಳು ಬೇರೆ ಕೆಲಸ ಹುಡುಕಿಕೊಂಡರು. 2023ರಲ್ಲಿ ರಾಂಪುರದ ಒಂದು ವೃತ್ತದಲ್ಲಿ ಸುಮಾರು 20 ಅಡಿ ಉದ್ದದ ಚಾಕುವನ್ನೇ ನಿಲ್ಲಿಸಿದರು. ಊರಿಗೆ ತನ್ನ ಕೈಕೆಲಸದ ಮೇಲೆ ಇನ್ನೂ ಅಭಿಮಾನ ಇದೆ.

ಕಾನೂನು ಏನು ಹೇಳುತ್ತದೆ? ತಿಳಿದಿರುವುದು ಒಳ್ಳೆಯದು. ನಮ್ಮ ದೇಶದ ಆಯುಧ ನಿಯಮಗಳು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲ ಅಲಗಿನ ಚಾಕುವನ್ನು ಆಯುಧದ ಪಟ್ಟಿಗೆ ಸೇರಿಸಿವೆ. ಮನೆಗೆಲಸ, ಬೇಸಾಯಕ್ಕೆಂದೇ ಮಾಡಿದ ಅಲಗಿಗೆ ವಿನಾಯಿತಿ ಇದೆ. ಚಿಕ್ಕ ಚಾಕು ಆದರೂ ಜಗಳಕ್ಕೆ, ಹೆದರಿಸೋಕೆ ತೆಗೆದರೆ ಅಪರಾಧವೇ. ವಿಮಾನದಲ್ಲಿ ಕೈಚೀಲದೊಳಗೆ ಚಾಕು ಒಯ್ಯುವಂತಿಲ್ಲ.

"ಒಬ್ಬಳೇ ಓಡಾಡುವಾಗ ರಕ್ಷಣೆಗೆ ಇರಲಿ" ಅಂತ ಕೆಲವರು ಅಂತಾರೆ. ಆ ಭಯ ನಮಗೂ ಗೊತ್ತು. ಆದರೆ ಎದುರಿನವನು ಚಾಕು ಕಿತ್ತುಕೊಂಡರೆ ಅದು ನಮ್ಮ ಮೇಲೇ ತಿರುಗುತ್ತದೆ. ಆಗ ಕೂಗಿ ಜನ ಸೇರಿಸಿ. 112ಕ್ಕೆ ಫೋನ್ ಮಾಡಿ. ಚಾಕು ಇರೋದು ಕೆಲಸಕ್ಕೆ.

ಜೊತೆಗೆ ಇಟ್ಟುಕೊಳ್ಳುವ ಕ್ರಮ

ಹೂ ಕೊಯ್ಯಲು, ಹಗ್ಗ ಕತ್ತರಿಸಲು, ಕಬ್ಬಿನ ಸಿಪ್ಪೆ ತೆಗೆಯಲು, ಪೆನ್ಸಿಲ್ಲು ಹೆರೆಯಲು ಒಂದು ಸಣ್ಣ ಮಡಚುವ ಚಾಕು ಸಾಕು. ಎಲೆ ಅಡಿಕೆ ಸಂಚಿಯಲ್ಲೇ ಇಟ್ಟುಕೊಳ್ಳಬಹುದು. ಈ ಮಾತುಗಳನ್ನು ನೆನಪಿಡಿ:

ಕುಯ್ಯುವಾಗ ಅಲಗು ಮೈಯಿಂದ ಆಚೆಗೆ ಹೋಗಲಿ.
ಮಡಚುವಾಗ ಬೆರಳು ಸೀಳಿನ ದಾರಿಯಲ್ಲಿ ಇರಬಾರದು.
ಒದ್ದೆ ಚಾಕು ಮಡಚಬೇಡಿ. ಒರೆಸಿ, ಒಣಗಿಸಿ ಮಡಚಿ.
ಮೊಳೆ ಇರುವ ಕಡೆ ಆಗಾಗ ಒಂದು ತೊಟ್ಟು ಎಣ್ಣೆ ಬಿಡಿ.
ಮೊಂಡಾದರೆ ಸಾಣೆ ಕೊಡಿ. ಮೊಂಡು ಅಲಗನ್ನು ಬಲವಾಗಿ ಒತ್ತುತ್ತೇವೆ, ಆಗ ಜಾರಿ ಕೈ ಕುಯ್ಯುತ್ತದೆ.

"ಚಾಕು, ಕತ್ತರಿ ಕೈಯಿಂದ ಕೈಗೆ ಕೊಟ್ಟರೆ ಜಗಳ ಆಗ್ತದೆ" ಅಂತ ನಮ್ಮ ಹಿರಿಯರು ಅಂತಾರೆ. ಕೆಳಗೆ ಇಟ್ಟು, ತಗೋ ಅಂತಾರೆ. ಫ್ರಾನ್ಸಿನಲ್ಲೂ ಇಂಥದೇ ನಂಬಿಕೆ ಇದೆ. ಚಾಕು ಉಡುಗೊರೆ ಪಡೆದವರು ಒಂದು ಸಣ್ಣ ನಾಣ್ಯ ಕೊಡಬೇಕು, ಇಲ್ಲದಿದ್ದರೆ ಸ್ನೇಹ ಕಡಿದು ಹೋಗುತ್ತದಂತೆ. ಜಗಳದ ಮಾತು ಹೇಗೂ ಇರಲಿ, ಕೆಳಗೆ ಇಟ್ಟು ಕೊಟ್ಟರೆ ಕೈ ಕುಯ್ಯುವುದಿಲ್ಲ. ಅದು ನಿಜ.

ಕೈ ಕುಯ್ದರೆ ಏನು ಮಾಡಬೇಕು? ಮಣ್ಣು, ಸಗಣಿ, ಬೂದಿ ಹಚ್ಚಬೇಡಿ. ಮಣ್ಣಿನಲ್ಲಿ, ಸಗಣಿಯಲ್ಲಿ ಧನುರ್ವಾಯುವಿನ ರೋಗಾಣು ಇರುತ್ತದೆ. ಶುದ್ಧ ನೀರು, ಸಾಬೂನಿನಿಂದ ತೊಳೆಯಿರಿ. ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಗಾಯ ಆಳವಾಗಿದ್ದರೆ ಆರೋಗ್ಯ ಕೇಂದ್ರಕ್ಕೆ ಹೋಗಿ ಚುಚ್ಚುಮದ್ದಿನ ಬಗ್ಗೆ ಕೇಳಿ.

ಇನ್ನೊಂದು ಮಾತು. ಹಿಂದೆ ಮನೆಯಲ್ಲೇ ಹೆರಿಗೆ ಆದಾಗ ಸಿಕ್ಕಿದ ಅಲಗಿನಿಂದ ಮಗುವಿನ ಹೊಕ್ಕುಳಬಳ್ಳಿ ಕತ್ತರಿಸುತ್ತಿದ್ದರು. ಅದರಿಂದ ಎಷ್ಟೋ ಹಸುಗೂಸುಗಳು ಧನುರ್ವಾಯುವಿಗೆ ಬಲಿಯಾದವು. ಬಸುರಿಯರಿಗೆ ಚುಚ್ಚುಮದ್ದು, ಆಸ್ಪತ್ರೆ ಹೆರಿಗೆ, ಶುದ್ಧ ಅಲಗು ಬಂದ ಮೇಲೆ ಇದು ಬಹಳ ಕಡಿಮೆಯಾಯಿತು. 2015ರಲ್ಲಿ ನಮ್ಮ ದೇಶ ಈ ಪಿಡುಗನ್ನು ಹತೋಟಿಗೆ ತಂದಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿತು. ಚುಚ್ಚುಮದ್ದು ಬಿಟ್ಟರೆ ಅದು ಮತ್ತೆ ಬರಬಹುದು. ಮರೆಯಬೇಡಿ.

ಕೂಡಿಡುವವರು ಏನು ನೋಡುತ್ತಾರೆ?

ಹಳೆಯ ಮಡಚುವ ಚಾಕುಗಳನ್ನು ಕೂಡಿಡುವ ಜನ ಲೋಕದಲ್ಲಿ ಬಹಳ ಇದ್ದಾರೆ. ಅವರು ಚಾಕು ಕೈಗೆ ಬಂದ ಕೂಡಲೇ ಮೊದಲು ಏನು ನೋಡುತ್ತಾರೆ ಗೊತ್ತೇ? ಅಲಗಿನ ಮೇಲೆ, ಹಿಡಿಯ ಮೇಲೆ ಒತ್ತಿರುವ ಗುರುತು ನೋಡುತ್ತಾರೆ. ಹಿಗೊನೊಕಾಮಿಯ ಹಿಡಿಯ ಮೇಲೆ ಜಪಾನಿ ಅಕ್ಷರ ಒತ್ತಿರುತ್ತಾರೆ. ಓದು ಬಲ್ಲವರಿಗೆ ಅದು ಯಾರ ಕುಲುಮೆಯದು ಅಂತ ತಿಳಿಯುತ್ತದೆ. ಒಪಿನೆಲ್ ಚಾಕುವಿನ ಮೇಲೆ ಕಿರೀಟ ಇಟ್ಟ ಕೈಯ ಚಿತ್ರ ಇದೆ. 1909ರಲ್ಲಿ ಆ ಗುರುತು ಬಂತು. ಚಿತ್ರವಾದ್ದರಿಂದ ಓದು ಬಾರದವರೂ ಗುರುತಿಸಬಹುದು.

ಆಮೇಲೆ ಅಲಗು ಸಾಣೆಯಿಂದ ಎಷ್ಟು ಸವೆದಿದೆ ಎಂದು ನೋಡುತ್ತಾರೆ. ಮಡಚಿದಾಗ ಅಲಗು ಸರಿಯಾಗಿ ಕೂರುತ್ತದೋ ಎಂದು ನೋಡುತ್ತಾರೆ. ಹಳೆಯ ಉಕ್ಕಿನ ಮೇಲಿನ ಕಪ್ಪು ಬಣ್ಣವನ್ನು ಉಜ್ಜಿ ತೆಗೆಯೋದಿಲ್ಲ. ಅದು ವಯಸ್ಸಿನ ಗುರುತು. ಕೆಂಪು ತುಕ್ಕು ಮಾತ್ರ ತೆಗೆಯುತ್ತಾರೆ. ಒಂದು ಎಚ್ಚರಿಕೆ: ಆನೆದಂತ, ಜಿಂಕೆಕೊಂಬಿನ ಹಿಡಿಯ ಚಾಕು ಯಾರಾದರೂ ಮಾರಲು ತಂದರೆ ಕೊಳ್ಳಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ತಪ್ಪು.

ಕೂಡಿಡೋದು ಅಂದರೆ ದುಡ್ಡು ಕೊಟ್ಟು ಕೊಳ್ಳೋದು ಮಾತ್ರ ಅಲ್ಲ. ಇದ್ದದ್ದನ್ನು ಕಳೆಯದೆ ಉಳಿಸೋದೂ ಕೂಡಿಡೋದೇ. ನಿಮ್ಮ ಮನೆಯ ಅಟ್ಟದ ಮೇಲೆ ಅಜ್ಜನ ಚಾಕು ಇರಬಹುದು, ಅಜ್ಜಿಯ ಅಡಕತ್ತರಿ ಇರಬಹುದು. ಗುಜರಿಯವನಿಗೆ ತೂಕಕ್ಕೆ ಹಾಕುವ ಮೊದಲು ಒಮ್ಮೆ ನೋಡಿ. ಅದನ್ನು ಮಾಡಿದ ಕಮ್ಮಾರ ಯಾರು? ಹಿಡಿ ಯಾವ ಮರದ್ದು? ಯಾರ ಕೈಯಿಂದ ಯಾರ ಕೈಗೆ ಬಂತು? ಹಿರಿಯರನ್ನು ಕೇಳಿ. ಅವರು ಹೋದ ಮೇಲೆ ಕೇಳೋಕೆ ಆಗೋದಿಲ್ಲ. ಸಾಮಾನು ಉಳಿದರೂ ಅದರ ಕತೆ ಉಳಿಯೋದಿಲ್ಲ.

ಆ ಕತೆಯನ್ನು ಉಳಿಸೋಕೆ ಈಗ ನಿಮ್ಮ ಹತ್ತಿರ ಒಂದು ಉಪಾಯ ಇದೆ. ನಿಮಗೆ ಬರೆಯೋಕೆ ಬರುತ್ತದೆ.

ಮನೆಯಲ್ಲಿ ಮಾಡುವ ಕೆಲಸ

ನಿಮ್ಮ ಪೆನ್ಸಿಲ್ಲನ್ನು ನೀವೇ ಹೆರೆಯಿರಿ. ಮನೆಯಲ್ಲಿರುವ ಅಲಗುಗಳ ಹೆಸರು ಒಂದರ ಕೆಳಗೆ ಒಂದು ಬರೆಯಿರಿ. ಪ್ರತಿ ಹೆಸರಿನ ಮುಂದೆ ಅದು ಯಾರದು ಅಂತ ಬರೆಯಿರಿ. "ಇದು ನನ್ನದು" ಅಂತ ಎಷ್ಟರ ಮುಂದೆ ಬರೆದಿರಿ, ಎಣಿಸಿ. ಮುಂದಿನ ವಾರ ಹಾಳೆ ತನ್ನಿ. ಎಲ್ಲರೂ ಕೂತು ಓದೋಣ.