ಘರಪಟ್ಟಿ ಕಟ್ಟಿದವರ ಊರು



ಮುಂಬಯಿ ಕನ್ನಡಿಗರು ನಾಲ್ಕು ಜನ ಸೇರಿದಲ್ಲಿ ಈಚೆಗೆ ಎರಡು ಊರುಗಳ ಹೆಸರು ಮತ್ತೆ ಮತ್ತೆ ಕೇಳಿಬರುತ್ತದೆ. ಒಂದು ನಾಸಿಕ. ಇನ್ನೊಂದು ಛತ್ರಪತಿ ಸಂಭಾಜಿನಗರ, ಅಂದರೆ 2023ರವರೆಗೆ ನಾವು ಔರಂಗಾಬಾದ್ ಎನ್ನುತ್ತಿದ್ದ ಊರು. "ಇಲ್ಲಿ ಬಾಡಿಗೆ ಕಟ್ಟಿ ಸಾಕಾಯಿತು, ಅಲ್ಲೊಂದು ಹೋಟೆಲ್ ಹಾಕಿದರೆ ಹೇಗೆ?" ಎನ್ನುವವರಿದ್ದಾರೆ. "ನಿವೃತ್ತಿಯ ದುಡ್ಡಿನಲ್ಲಿ ಅಲ್ಲೊಂದು ಪ್ಲಾಟ್ ತೆಗೆದಿಡೋಣವೇ?" ಎನ್ನುವವರಿದ್ದಾರೆ. ಮುಂಬಯಿಯಿಂದ ನಾಗಪುರದವರೆಗಿನ 701 ಕಿಲೋಮೀಟರ್ ಉದ್ದದ ಸಮೃದ್ಧಿ ಮಹಾಮಾರ್ಗ 2025ರ ಜೂನ್‌ನಲ್ಲಿ ಪೂರ್ತಿಯಾಗಿ ತೆರೆದ ಮೇಲಂತೂ ಈ ಲೆಕ್ಕಾಚಾರ ಜೋರಾಗಿದೆ.

ಆದರೆ ಹೀಗೆ ಹೇಳುವವರ ಮನಸ್ಸಿನಲ್ಲಿರುವುದು ನಗರವಲ್ಲ, ನಗರದ ಅಂಚಿನ ಹಳ್ಳಿ. ಜಾಗ ಸಿಗುವುದು ಅಲ್ಲೇ, ಕೈಗೆಟುಕುವ ಬೆಲೆಯೂ ಅಲ್ಲೇ. ಹೆಸರಿಗೆ ಗ್ರಾಮ ಪಂಚಾಯಿತಿ, ನೋಟಕ್ಕೆ ಪೇಟೆ. ಇಂಥ ಸಿರಿವಂತ ಹಳ್ಳಿಯಲ್ಲಿ ಬದುಕುವುದು, ವ್ಯಾಪಾರ ಮಾಡುವುದು ಎಂದರೇನು ಎಂಬುದರ ಬಗ್ಗೆ ಇವತ್ತು ನಾಲ್ಕು ಮಾತು.

ಆ ಸೀಮೆ ನಮಗೆ ಹೊಸದೇನಲ್ಲ. ಎಲ್ಲೋರದ ಕೈಲಾಸ ದೇವಾಲಯವನ್ನು ಕಡೆಯಿಸಿದವನು ರಾಷ್ಟ್ರಕೂಟರ ಒಂದನೆಯ ಕೃಷ್ಣ. 1956ರ ನವೆಂಬರ್ 1ರವರೆಗೆ ಔರಂಗಾಬಾದೂ ನಮ್ಮ ಬೀದರ, ಗುಲ್ಬರ್ಗ, ರಾಯಚೂರುಗಳೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಸೆಪ್ಟೆಂಬರ್ 17ರಂದು ಇಂದಿಗೂ ಅವರು ಮರಾಠವಾಡಾ ಮುಕ್ತಿ ದಿನ ಆಚರಿಸುತ್ತಾರೆ, ಕಲಬುರಗಿಯವರು ಕಲ್ಯಾಣ ಕರ್ನಾಟಕ ಉತ್ಸವ ಆಚರಿಸುತ್ತಾರೆ. ಖಾನಾವಳಿ, ಉತಾರ, ಗುಂಟೆ ಇವೆಲ್ಲ ಎರಡೂ ಕಡೆಯ ಮಾತುಗಳೇ. ದಕ್ಷಿಣ ಕನ್ನಡದ ಹೋಟೆಲಿನವರು ಮುಂಬಯಿ ದಾಟಿ ಈ ಎರಡೂ ಊರುಗಳಿಗೆ ಇಡ್ಲಿ, ದೋಸೆ ಒಯ್ದು ಬಹಳ ವರ್ಷಗಳಾದವು.

ಮೊದಲು ಸಂಭಾಜಿನಗರದ ಕಡೆ ನೋಡೋಣ. ನಗರದ ಪಶ್ಚಿಮಕ್ಕೆ ವಾಳೂಜ್. 1985ರಲ್ಲಿ ಬಜಾಜ್ ಆಟೋ ಕಾರ್ಖಾನೆ ಅಲ್ಲಿ ಶುರುವಾಯಿತು. ಅದರ ಬೆನ್ನಿಗೆ ಬಿಡಿಭಾಗ ಮಾಡುವವರು, ಔಷಧಿಯವರು, ಬಿಯರ್ ತಯಾರಿಸುವವರು ಬಂದರು. ಜೋಳ, ಹತ್ತಿ ಬೆಳೆಯುತ್ತಿದ್ದ ಹೊಲ ಕೈಗಾರಿಕಾ ನಿಗಮಕ್ಕೆ ಹೋಯಿತು. ಉಳಿದ ತುಂಡು ಜಾಗದಲ್ಲಿ ರೈತರು ಸಾಲು ಖೋಲಿಗಳನ್ನು ಕಟ್ಟಿ ಬಾಡಿಗೆಗೆ ಬಿಟ್ಟರು. ವಾಳೂಜ್, ರಾಂಜಣಗಾಂವ್, ಬಜಾಜ್‌ನಗರ, ಅಲ್ಲಿನವರು ಚಿಕ್ಕ ಪಂಢರಪುರ ಎಂದು ಕರೆಯುವ ಪಂಢರಪುರ, ಹೀಗೆ ಹಳ್ಳಿಗಳೆಲ್ಲ ಒಂದಕ್ಕೊಂದು ಕೂಡಿಕೊಂಡವು. ಜಮೀನಿನ ಬೆಲೆ, ಬಾಡಿಗೆ, ಗುತ್ತಿಗೆ ಈ ಮೂರರಿಂದ ಹಳ್ಳಿಗೆ ದುಡ್ಡು ಹರಿಯಿತು. ಆ ಭಾಗದ ಸಿರಿಯ ಬಗ್ಗೆ ಇಡೀ ದೇಶ ಮಾತಾಡಿದ್ದು 2010ರ ಅಕ್ಟೋಬರ್‌ನಲ್ಲಿ. ಔರಂಗಾಬಾದಿನ ಒಂದು ಗುಂಪು ಒಟ್ಟಾಗಿ ಚೌಕಾಸಿ ಮಾಡಿ, ಒಂದೇ ದಿನ 150 ಮರ್ಸಿಡಿಸ್ ಕಾರುಗಳನ್ನು ಮನೆಗೆ ತಂದಿತು. ಅದರ ಮೊತ್ತ ಸುಮಾರು 65 ಕೋಟಿ ರೂಪಾಯಿ.

ನಾಸಿಕದ ಸಿರಿಯ ಬಣ್ಣ ಬೇರೆ. ಅಲ್ಲೂ ಸಾತಪುರ, ಅಂಬಡ ಎಂಬ ಕೈಗಾರಿಕಾ ಪ್ರದೇಶಗಳಿವೆ. ಆದರೆ ಗಂಗಾಪುರ ಅಣೆಕಟ್ಟಿನ ಕಡೆ ಹೋದರೆ ದ್ರಾಕ್ಷಿ ತೋಟ. 1999ರಲ್ಲಿ ರಾಜೀವ್ ಸಾಮಂತ್ ಅಲ್ಲಿ ಸುಲಾ ವೈನ್ ಕಂಪನಿ ಸ್ಥಾಪಿಸಿದ ಮೇಲೆ ಆ ಸುತ್ತಿನ ಹಳ್ಳಿಗಳಲ್ಲಿ ರೆಸಾರ್ಟು, ಫಾರ್ಮ್‌ಹೌಸ್, ಮದುವೆ ಲಾನುಗಳು ಎದ್ದವು. ಭಾನುವಾರ ಬೆಳಿಗ್ಗೆ ನಾಸಿಕದ ಮಂದಿ ಮನೆಮಂದಿಯೊಂದಿಗೆ ಊರಾಚೆಯ ತೋಟಗಳಿಗೆ ಮಿಸಳ್ ತಿನ್ನಲು ಹೊರಡುತ್ತಾರೆ. ಅಲ್ಲಿ ತಿಂಡಿಯಷ್ಟೇ ಮುಖ್ಯ ಮರದ ನೆರಳು, ಗಾಡಿ ನಿಲ್ಲಿಸಲು ಜಾಗ, ಮಕ್ಕಳಿಗೆ ಜೋಕಾಲಿ.

ವ್ಯಾಪಾರದ ಮನಸ್ಸಿರುವವರು ಈ ವ್ಯತ್ಯಾಸ ಗಮನಿಸಬೇಕು. ವಾಳೂಜಿನಂಥ ಊರಿನಲ್ಲಿ ಗಿರಾಕಿ ಬರುವುದು ಪಾಳಿ ಲೆಕ್ಕದಲ್ಲಿ. ಬೆಳಗಿನ ಪಾಳಿಗೆ ಹೋಗುವವನಿಗೆ ಸೂರ್ಯ ಹುಟ್ಟುವ ಮೊದಲೇ ಚಹಾ, ಪೋಹೆ ಬೇಕು. ರಾತ್ರಿ ಪಾಳಿ ಮುಗಿಸಿದವನಿಗೆ ಅದೇ ಹೊತ್ತಿಗೆ ಊಟ ಬೇಕು. ಪಗಾರವಾದ ವಾರ ಕೈ ಬಿಚ್ಚುತ್ತಾನೆ, ತಿಂಗಳ ಕೊನೆಯಲ್ಲಿ ಖಾತೆ ಬರೆಸುತ್ತಾನೆ. ಕಾರ್ಖಾನೆ ಕೆಮ್ಮಿದರೆ ಹೋಟೆಲಿಗೆ ಜ್ವರ. 2020ರ ಲಾಕ್‌ಡೌನಿನಲ್ಲಿ ಕಾರ್ಮಿಕರು ಊರು ಬಿಟ್ಟಾಗ ಖೋಲಿಯ ಮಾಲೀಕ, ಕಿರಾಣಿಯವ, ಮೆಸ್ಸಿನವ ಮೂವರೂ ಒಟ್ಟಿಗೆ ಕುಳಿತರು. ನಾಸಿಕದ ತೋಟದ ಊರಿನಲ್ಲಾದರೋ ವ್ಯಾಪಾರ ವಾರಾಂತ್ಯದ್ದು. ಎರಡು ದಿನದ ಗಳಿಕೆಯಲ್ಲಿ ಏಳು ದಿನದ ಆಳಿನ ಸಂಬಳ ಹೊರಡಬೇಕು.

ಎರಡೂ ಕಡೆ ಮೊದಲು ಕೇಳಬೇಕಾದ ಪ್ರಶ್ನೆ ನೀರಿನದು. ಗೋದಾವರಿ ತ್ರ್ಯಂಬಕೇಶ್ವರದಲ್ಲಿ ಹುಟ್ಟಿ, ನಾಸಿಕ ದಾಟಿ, ಪೈಠಣದ ಜಾಯಕವಾಡಿ ಅಣೆಕಟ್ಟಿಗೆ ಬರುತ್ತಾಳೆ. ಸಂಭಾಜಿನಗರದ ನಲ್ಲಿಗೂ ವಾಳೂಜಿನ ಕಾರ್ಖಾನೆಗೂ ನೀರು ಅಲ್ಲಿಂದಲೇ. ಮಳೆ ಕಡಿಮೆಯಾದ ವರ್ಷ ಮೇಲಿನವರು ಕೆಳಗಿನವರಿಗೆ ಎಷ್ಟು ಬಿಡಬೇಕೆಂದು ಎರಡು ಜಿಲ್ಲೆಗಳ ನಡುವೆ ಜಗಳ, ಕೋರ್ಟು, ಕಚೇರಿ. ನಮ್ಮ ಕಾವೇರಿಯ ಕಥೆಯೇ, ಒಂದೇ ರಾಜ್ಯದೊಳಗೆ. 2016ರ ಬರಗಾಲದಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಮದ್ಯ ತಯಾರಿಸುವ ಕಾರ್ಖಾನೆಗಳ ನೀರನ್ನು ಹಂತ ಹಂತವಾಗಿ ಶೇಕಡಾ 60ರಷ್ಟು ಕಡಿತ ಮಾಡಲು ಆದೇಶಿಸಿತ್ತು. ಆದ್ದರಿಂದ ಜಾಗ ನೋಡಲು ಶ್ರಾವಣದಲ್ಲಿ ಹೋಗಬೇಡಿ, ಮೇ ತಿಂಗಳಲ್ಲಿ ಹೋಗಿ. ಪಕ್ಕದ ಅಂಗಡಿಯವನು ಟ್ಯಾಂಕರಿಗೆ ತಿಂಗಳಿಗೆ ಎಷ್ಟು ಕೊಡುತ್ತಾನೆ ಎಂದು ವಿಚಾರಿಸಿ.

ಎರಡನೆಯದು ಕಾಗದ. ನಮ್ಮಲ್ಲಿ ಪಹಣಿ ಎನ್ನುವುದಕ್ಕೆ ಅಲ್ಲಿ ಸಾತ್‌ಬಾರಾ ಉತಾರ. ಗ್ರಾಮ ಪಂಚಾಯಿತಿಯಲ್ಲಿ ಮನೆಯ ಕಂದಾಯ ದಾಖಲಾಗುವ ಪುಸ್ತಕಕ್ಕೆ ನಮುನಾ ಆಠ್. ಎರಡನ್ನೂ ನೋಡದೆ ಮುಂಗಡ ಕೊಡಬೇಡಿ. ಹೊಲವನ್ನು ಒಂದು, ಎರಡು ಗುಂಟೆಗಳಾಗಿ ತುಂಡು ಮಾಡಿ, ಕೃಷಿಯೇತರ ಎಂದು ಪರಿವರ್ತನೆ ಮಾಡದೆಯೇ ಮಾರುವ ಪದ್ಧತಿ ಅಲ್ಲಿ ಗುಂಠೇವಾರಿ ಎಂದೇ ಪ್ರಸಿದ್ಧ. ಒಂದು ಗುಂಟೆ ಎಂದರೆ 33 ಅಡಿಗೆ 33 ಅಡಿ, ಮನೆಗೆ ಸರಿಯಾದ ಅಳತೆ. ಆಸೆ ಹುಟ್ಟುವುದು ಸಹಜ. ಇಂಥವನ್ನು ಸಕ್ರಮ ಮಾಡಲು 2001ರಲ್ಲಿ ಕಾನೂನೇ ಬಂತು, 2021ರಲ್ಲಿ ಅದರ ಗಡುವನ್ನು 2020ರ ಡಿಸೆಂಬರ್‌ವರೆಗೆ ವಿಸ್ತರಿಸಿದರು. ಸಕ್ರಮವಾಗುತ್ತದೆ ಎಂಬ ಭರವಸೆಯಲ್ಲಿ ಜೀವಮಾನದ ಉಳಿತಾಯ ಹಾಕುವುದು ಮಾತ್ರ ಜಾಣತನವಲ್ಲ. ಇನ್ನೊಂದು ಮಾತು. ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದೆಂದು ಕರ್ನಾಟಕ 2020ರಲ್ಲಿ ಕಾನೂನು ಸಡಿಲಿಸಿತು. ಮಹಾರಾಷ್ಟ್ರದಲ್ಲಿ ಹಾಗಿಲ್ಲ.

ಇಷ್ಟಾದ ಮೇಲೂ ದೊಡ್ಡ ಪ್ರಶ್ನೆ ಉಳಿಯುತ್ತದೆ. ಸಿರಿವಂತ ಹಳ್ಳಿಯ ಚರಂಡಿ ಯಾಕೆ ಬಾಯಿ ತೆರೆದುಕೊಂಡಿರುತ್ತದೆ? ಬಂಗಲೆಯ ಮುಂದೆ ದೊಡ್ಡ ಕಾರು, ಗೇಟಿನ ಪಕ್ಕ ಕಸದ ಗುಡ್ಡೆ. ದುಡ್ಡು ಮನೆಯೊಳಗಿದೆ, ಪಂಚಾಯಿತಿಯ ಪೆಟ್ಟಿಗೆಯಲ್ಲಿಲ್ಲ.

ಇದಕ್ಕೆ ಉತ್ತರ ಹುಡುಕಿದ ಊರು ವಾಳೂಜಿನ ಹತ್ತಿರವೇ ಇದೆ, ಹೆಸರು ಪಾಟೋದಾ. ಕೆಲವೇ ಸಾವಿರ ಜನರ ಊರು. ಭಾಸ್ಕರರಾವ್ ಪೇರೆ ಪಾಟೀಲರು ಸರಪಂಚರಾಗಿದ್ದ ಕಾಲದಲ್ಲಿ ಅಲ್ಲೊಂದು ಸರಳ ಏರ್ಪಾಡು ಬಂತು. ಘರಪಟ್ಟಿ, ಪಾಣಿಪಟ್ಟಿ ಪೂರ್ತಿ ಕಟ್ಟಿದ ಮನೆಯವರಿಗೆ ಪಂಚಾಯಿತಿಯ ಗಿರಣಿಯಲ್ಲಿ ಹಿಟ್ಟು ಬೀಸಿಕೊಡುವುದು ಪುಕ್ಕಟೆ. ದಿನವೂ ಭಾಕರಿ ತಟ್ಟುವ ಮನೆಗೆ ಬೀಸುವ ಖರ್ಚು ಸಣ್ಣದಲ್ಲ. ಮನೆಯಾಕೆಯೇ ಯಜಮಾನನನ್ನು ಎಬ್ಬಿಸಿ ಕಂದಾಯ ಕಟ್ಟಲು ಕಳಿಸುವಂತಾಯಿತು. ಬಂದ ಕಂದಾಯದಲ್ಲಿ ಕುಡಿಯಲು ಶುದ್ಧ ನೀರು, ಸ್ನಾನಕ್ಕೆ ಸೌರಶಕ್ತಿಯ ಬಿಸಿನೀರು, ಶುಚಿಯಾದ ಬೀದಿ. ಸಂತ ಗಾಡಗೇಬಾಬಾ ಗ್ರಾಮ ಸ್ವಚ್ಛತಾ ಅಭಿಯಾನದ ಪ್ರಶಸ್ತಿ ಊರಿಗೆ ಬಂತು. ಆದರೆ ಊರು ಯಾರೊಬ್ಬರ ಸೊತ್ತೂ ಅಲ್ಲ. 2021ರ ಜನವರಿಯ ಚುನಾವಣೆಯಲ್ಲಿ ಪೇರೆ ಪಾಟೀಲರು ನಿಲ್ಲಲಿಲ್ಲ, ನಿಂತಿದ್ದ ಅವರ ಮಗಳು ಸೋತರು. ಕಂದಾಯ ಕಟ್ಟಿದ ಊರು ಲೆಕ್ಕ ಕೇಳುತ್ತದೆ, ಬೇಕೆಂದಾಗ ಕೈ ಬದಲಿಸುತ್ತದೆ.

ಕೇಳುಗರೇ, ನಾನು ಇದನ್ನು ಹೇಳುವುದಕ್ಕೆ ಕಾರಣವಿದೆ. ನಮ್ಮವರು ಎಲ್ಲಿ ಹೋದರೂ ದುಡಿಯುತ್ತಾರೆ, ನಾಲ್ಕು ಜನರಿಗೆ ಕೆಲಸ ಕೊಡುತ್ತಾರೆ. ಆದರೆ ಇಪ್ಪತ್ತು ವರ್ಷ ಒಂದೇ ಹಳ್ಳಿಯಲ್ಲಿ ಹೋಟೆಲ್ ನಡೆಸಿಯೂ ಓಟಿನ ಚೀಟಿ ಕುಂದಾಪುರದಲ್ಲೋ ಬೀದರದಲ್ಲೋ ಇಟ್ಟುಕೊಂಡವರು ಎಷ್ಟಿಲ್ಲ? ಅಲ್ಲಿನ ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ನೀವು ಗ್ರಾಮಸಭೆಯ ಸದಸ್ಯರಲ್ಲ. ನಿಮ್ಮ ಅಂಗಡಿ ಮುಂದಿನ ರಸ್ತೆ ಅಗೆಯುವ ನಿರ್ಣಯವಾದಾಗ ನಿಮ್ಮ ಕೈ ಮೇಲೇಳುವುದಿಲ್ಲ. ನಿಂತು ಮಾತಾಡುವ ಹಕ್ಕಿಲ್ಲದವನ ದೂರು ಚಹಾದ ಜೊತೆಗೇ ಆರಿಹೋಗುತ್ತದೆ.

ಆದ್ದರಿಂದ ಅಲ್ಲಿ ನೆಲೆಸಿದ ಮೇಲೆ ಫಾರ್ಮ್ 8 ತುಂಬಿ ಹೆಸರು ವರ್ಗಾಯಿಸಿಕೊಳ್ಳಿ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2ರ ಸುಮಾರಿಗೆ ಗ್ರಾಮಸಭೆ ಕರೆಯುವುದು ಅಲ್ಲಿ ರೂಢಿ. ಗಲ್ಲೆಯಲ್ಲಿ ಯಾರನ್ನಾದರೂ ಕೂರಿಸಿ ಹೋಗಿಬನ್ನಿ. ಮರಾಠಿ ಬೋರ್ಡು ಎಲ್ಲ ಅಂಗಡಿಗೂ ಕಡ್ಡಾಯವೆಂದು 2022ರಲ್ಲೇ ಕಾನೂನಾಗಿದೆ, ಅದನ್ನು ಮನಸಾರೆ ಬರೆಸಿ. ಬೆಂಗಳೂರಿನಲ್ಲಿ ನಾವು ಕೇಳುವುದೂ ಅದನ್ನೇ ಅಲ್ಲವೇ? ಘರಪಟ್ಟಿಯ ರಸೀದಿಯನ್ನು ಗಲ್ಲೆಯ ಮೇಲಿನ ದೇವರ ಪಟದ ಹತ್ತಿರವೇ ಇಡಿ. ಕನ್ನಡ ಮನೆಯಲ್ಲಿ ಉಳಿಯಲಿ, ಮಕ್ಕಳ ಬಾಯಲ್ಲಿ ಉಳಿಯಲಿ. ಊರಿನ ಸಭೆಯಲ್ಲಿ ಮರಾಠಿಯಲ್ಲೇ ಎದ್ದು ನಿಂತು, "ಇದು ನಮ್ಮ ಊರಿನ ಚರಂಡಿ" ಎಂದು ಹೇಳಿ.

ಆಗ ನೀವು ಅಲ್ಲಿ ಬರೀ ವ್ಯಾಪಾರಕ್ಕೆ ಬಂದವರಾಗಿರುವುದಿಲ್ಲ.