ಮನೆ ನಮ್ಮದು, ಮಾತೂ ನಮ್ಮದು



ಮೊದಲು ಒಂದು ಮಾತು. ಒಲೆ ಮುಂದೆ ಹೊಗೆ ಕುಡಿಯೋರು ಯಾರು? ನಾವು. ಸೂರು ಸೋರಿದರೆ ಪಾತ್ರೆ ಇಡೋರು ಯಾರು? ನಾವೇ. ಆದರೆ ಸರ್ಕಾರದ ಮನೆ ಹೇಗಿರಬೇಕು ಅಂತ ನಮ್ಮನ್ನು ಕೇಳೋರು ಯಾರು?

ಕೇಳದೆ ಕಟ್ಟಿದರೆ ಏನಾಗುತ್ತೆ? ಒಲೆಗೆ ಜಾಗ ಇರಲ್ಲ. ಬಚ್ಚಲ ನೀರು ಬಾಗಿಲಿಗೆ ಬರುತ್ತೆ. ಕೊನೆಗೆ ಮನೆ ಒಳಗೆ ಸೌದೆ, ಹೊರಗೆ ನಮ್ಮ ಅಡಿಗೆ!

ಮುಂಬೈ ಹೆಂಗಸರ ಕಥೆ ಕೇಳಿ. ಅಲ್ಲಿ ಬೈಕುಲ್ಲಾ ಎಂಬ ಜಾಗ ಇದೆ. ಅಲ್ಲಿ ತುಂಬ ಬಡವರು ಫುಟ್‌ಪಾತ್ ಮೇಲೆ ಗುಡಿಸಲು ಕಟ್ಟಿಕೊಂಡಿದ್ದರು. 1985ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಫುಟ್‌ಪಾತ್ ಮೇಲೆ ಮನೆ ಮಾಡುವ ಹಕ್ಕು ಯಾರಿಗೂ ಇಲ್ಲ ಎಂದಿತು. ಹೆಂಗಸರು ಹೆದರಿದರು. ಆದರೆ ಸುಮ್ಮನೆ ಕೂರಲಿಲ್ಲ. 1986ರಲ್ಲಿ ‘ಮಹಿಳಾ ಮಿಲನ್’ ಎಂಬ ಸಂಘ ಕಟ್ಟಿದರು. ಚೂರು ಚೂರು ಹಣ ಉಳಿಸಿದರು.

ಆಮೇಲೆ ತಮಗೆ ಎಂಥ ಮನೆ ಬೇಕು ಅಂತ ಕೂತು ಮಾತಾಡಿದರು. ಸೀರೆ ಹಿಡಿದು ಅಳತೆ ನೋಡಿದರು. ಜಾಗ ಚಿಕ್ಕದು. ಹಾಗಾದರೆ ಮನೆ ಎತ್ತರ ಇರಲಿ ಎಂದರು. ಹದಿನಾಲ್ಕು ಅಡಿ ಎತ್ತರ. ಮೇಲೆ ಒಂದು ಅಟ್ಟ. ಕೆಳಗೆ ಅಡಿಗೆ, ಮೇಲೆ ಮಲಗೋದು. ಅದೇ ಅಳತೆಯ ಮಾದರಿ ಮನೆ ನಿಲ್ಲಿಸಿ, ಜನರಿಗೂ ಅಧಿಕಾರಿಗಳಿಗೂ ತೋರಿಸಿದರು. ಅವರಲ್ಲಿ ಬಹಳ ಜನಕ್ಕೆ ಓದು ಬರುತ್ತಿರಲಿಲ್ಲ. ಆದರೆ ಮನೆಯ ಕಷ್ಟ ಗೊತ್ತಿತ್ತು. ಅದೇ ಅವರ ವಿದ್ಯೆ.

ನಮ್ಮ ಹಳ್ಳಿಗೆ ಬರೋಣ. ಇಲ್ಲಿ ಮನೆ ಯಾರಿಗೆ ಸಿಗಬೇಕು ಅಂತ ಆರಿಸುವ ಜಾಗ ಗ್ರಾಮಸಭೆ. ಆರು ತಿಂಗಳಿಗೆ ಒಂದು ಸಲವಾದರೂ ಅದು ಸೇರಲೇಬೇಕು. ಪಟ್ಟಿಯನ್ನು ಎಲ್ಲರ ಮುಂದೆ ಓದಿಸಿ. ಗುಡಿಸಲಲ್ಲಿರುವ ವಿಧವೆಯ ಹೆಸರು ಬಿಟ್ಟಿದ್ದರೆ ಎದ್ದು ಕೇಳಿ. ನಿವೇಶನ ಎಲ್ಲಿ? ನೀರು ಎಷ್ಟು ದೂರ? ಚರಂಡಿ ಇದೆಯಾ? ಇದನ್ನೂ ಕೇಳಿ. ಒಬ್ಬರೇ ಹೋದರೆ ಭಯ. ಹತ್ತು ಜನ ಹೋದರೆ ಧೈರ್ಯ.

ಮನೆ ಮಂಜೂರಾದರೆ ಹಣ ಕಂತಿನಲ್ಲಿ ಬರುತ್ತೆ. ಬುನಾದಿ ಆದ ಮೇಲೆ ಒಂದು ಕಂತು, ಗೋಡೆ ಎದ್ದ ಮೇಲೆ ಇನ್ನೊಂದು. ಬುನಾದಿ ತೋಡಿದ ಮೇಲೆ ಮಾತಾಡಿದರೆ ಏನು ಫಲ? ಅದಕ್ಕೇ ಮೊದಲೇ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಗೆರೆ ಎಳೆಯಿರಿ. ಒಲೆ ಇಲ್ಲಿ, ಕಿಟಕಿ ಇಲ್ಲಿ, ಬಚ್ಚಲು ಇಲ್ಲಿ. ಆ ಗೆರೆಯೊಳಗೆ ನಿಂತು, ಕೂತು, ಓಡಾಡಿ ನೋಡಿ. ಆಮೇಲೆ ಮೇಸ್ತ್ರಿಗೆ ತೋರಿಸಿ.

ನಿನ್ನೆವರೆಗೆ ಹೆಬ್ಬೆಟ್ಟು ಒತ್ತುತ್ತಿದ್ದೆವು. ಕಾಗದದಲ್ಲಿ ಏನಿದೆ ಗೊತ್ತಿರಲಿಲ್ಲ. ಈಗ ಅಕ್ಷರ ಬಂದಿದೆ. ಸಭೆಯ ನಡಾವಳಿ ಪುಸ್ತಕ ಓದೋಣ. ನಾವು ಹೇಳಿದ್ದು ಅದರಲ್ಲಿ ಇದೆಯಾ ನೋಡೋಣ. ಇದ್ದರೆ ಸಹಿ. ಇಲ್ಲದಿದ್ದರೆ, “ಬರೀರಿ ಸ್ವಾಮಿ, ಆಮೇಲೆ ಸಹಿ” ಅನ್ನೋಣ.

ಮುಂದಿನ ಗ್ರಾಮಸಭೆಗೆ ಎಲ್ಲರೂ ಒಟ್ಟಿಗೆ ಹೋಗೋಣ. ಬರ್ತೀರಲ್ಲ?