ಒಂದೇ ಮೆದೆ, ಹಲವು ಹೊತ್ತು



ಬಯಲಿನಲ್ಲಿ ಕುಳಿತು ನಿಸರ್ಗಚಿತ್ರ ಬರೆಯುವವರಿಗೆ ಒಂದು ತೊಡಕು ಇದ್ದದ್ದೇ. ಒಂಬತ್ತು ಗಂಟೆಗೆ ಕಂಡ ನೆರಳು ಹತ್ತು ಗಂಟೆಗೆ ಅಲ್ಲಿರುವುದಿಲ್ಲ. ಚಿತ್ರದ ಒಂದು ಭಾಗ ಬೆಳಗಿನದು, ಇನ್ನೊಂದು ಭಾಗ ಮಧ್ಯಾಹ್ನದ್ದು ಆಗಿಬಿಡುತ್ತದೆ. ಈ ತೊಡಕನ್ನೇ ಕಲೆಯ ವಸ್ತುವಾಗಿಸಿಕೊಂಡವನು ಫ್ರಾನ್ಸಿನ ಕ್ಲಾಡ್ ಮೋನೆ (1840-1926).

ಮೋನೆಗಿಂತ ಹಿಂದೆಯೂ ಕಲಾವಿದರು ಹೊರಗೆ ಹೋಗುತ್ತಿದ್ದರು. ಆದರೆ ಸಾಮಾನ್ಯವಾಗಿ ಅಲ್ಲಿ ಚಿಕ್ಕ ಕರಡು ಮಾಡಿಕೊಂಡು, ದೊಡ್ಡ ಚಿತ್ರವನ್ನು ಸ್ಟುಡಿಯೊದಲ್ಲಿ ಬರೆಯುತ್ತಿದ್ದರು. ಎಣ್ಣೆಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿ ಒಯ್ಯಬೇಕಿತ್ತು. ಚೀಲಕ್ಕೆ ಚುಚ್ಚಿದ ಮೇಲೆ ಬಣ್ಣ ಬೇಗ ಕೆಡುತ್ತಿತ್ತು. 1841ರಲ್ಲಿ ಅಮೆರಿಕದ ಚಿತ್ರಕಾರ ಜಾನ್ ಗಾಫ್ ರ‍್ಯಾಂಡ್ ಹಿಂಡಿ ತೆಗೆಯುವ ತವರದ ಟ್ಯೂಬಿಗೆ ಪೇಟೆಂಟ್ ಪಡೆದ. ಬಣ್ಣದ ಪೆಟ್ಟಿಗೆ ಹೊತ್ತು ಇಡೀ ದಿನ ಹೊರಗಿರುವುದು ಸುಲಭವಾಯಿತು.

ಬಣ್ಣವೇನೋ ಹೊರಗೆ ಬಂತು, ಬೆಳಕು ಕಾಯಬೇಕಲ್ಲ? 1890ರಲ್ಲಿ ಮೋನೆ ಜಿವರ್ನಿ ಎಂಬ ಹಳ್ಳಿಯ ತನ್ನ ಮನೆಯ ಬಳಿಯ ಹೊಲದಲ್ಲಿದ್ದ ಮೆದೆಗಳನ್ನು ಬರೆಯಲು ಹೊರಟ. ಇವನ್ನು ಹುಲ್ಲಿನ ಬಣವೆ ಎನ್ನುವ ರೂಢಿಯಿದ್ದರೂ, ಅವು ಒಕ್ಕಣೆಗೆ ಕಾದಿದ್ದ ಗೋಧಿಯ ಮೆದೆಗಳು. ಮೋಡಕ್ಕೊಂದು, ಬಿಸಿಲಿಗೊಂದು ಎಂದು ಎರಡೇ ಕ್ಯಾನ್ವಾಸ್ ಸಾಕೆಂದುಕೊಂಡಿದ್ದನಂತೆ. ಅಷ್ಟರಲ್ಲಿ ಬೆಳಕು ಬದಲಾಯಿತು. ಮನೆಯಿಂದ ಇನ್ನೊಂದು ತರುವಂತೆ ಮಲಮಗಳು ಬ್ಲಾಂಶ್‌ಗೆ ಹೇಳಿದ. ಮತ್ತೆ ಬದಲಾಯಿತು, ಮತ್ತೊಂದು ಬಂತು. ಆಯಾ ಬೆಳಕು ಇರುವಷ್ಟು ಹೊತ್ತು ಆಯಾ ಕ್ಯಾನ್ವಾಸ್. ಮರುದಿನ ಅದೇ ಬೆಳಕು ಮರಳಿದಾಗ ಅದೇ ಕ್ಯಾನ್ವಾಸ್ ಮುಂದುವರಿಯುತ್ತಿತ್ತು. ಹೀಗೆ ಸುಮಾರು 25 ಚಿತ್ರಗಳಾದವು. ಅವುಗಳಲ್ಲಿ 15 ಚಿತ್ರಗಳನ್ನು 1891ರ ಮೇ ತಿಂಗಳಲ್ಲಿ ಪ್ಯಾರಿಸ್‌ನಲ್ಲಿ ಒಟ್ಟಿಗೆ ತೂಗುಹಾಕಲಾಯಿತು. ವಸ್ತು ಒಂದೇ ಆದ್ದರಿಂದ ನೋಡುಗರ ಕಣ್ಣು ಹೊತ್ತಿನ ಮೇಲೆ, ಋತುವಿನ ಮೇಲೆ ಹರಿಯಿತು.

ಬೆಳಕು ನಾಳೆ ಮರಳೀತು. ಕಡಿದ ಮರ ಮರಳುವುದಿಲ್ಲ. ಅದೇ 1891ರಲ್ಲಿ ಮೋನೆ ಎಪ್ಟ್ ನದಿಯ ದಂಡೆಯ ಪಾಪ್ಲರ್ ಮರಗಳನ್ನು ಬರೆಯುತ್ತಿದ್ದಾಗ ಲಿಮೆಟ್ಸ್ ಗ್ರಾಮಾಡಳಿತ ಅವನ್ನು ಹರಾಜಿಗಿಟ್ಟಿತು. ಮೋನೆ ಮರದ ವ್ಯಾಪಾರಿಯೊಬ್ಬನಿಗೆ ಹಣ ಕೊಟ್ಟು, ಚಿತ್ರ ಮುಗಿಯುವ ತನಕ ಮರಗಳನ್ನು ಉಳಿಸಿಕೊಂಡ. ಕೊಂಡದ್ದು ಮರವನ್ನಲ್ಲ, ಕೆಲವು ತಿಂಗಳ ಕಾಲವನ್ನು. ಆ ಸರಣಿಯ ಒಂದು ಚಿತ್ರಕ್ಕೆ ಬೇಕಾದ ಬೆಳಕು ಏಳು ನಿಮಿಷವಷ್ಟೇ ಇರುತ್ತಿತ್ತೆಂದು ಅಮೆರಿಕದ ಕಲಾವಿದೆ ಲಿಲ್ಲಾ ಕ್ಯಾಬಟ್ ಪೆರಿ ದಾಖಲಿಸಿದ್ದಾರೆ.

ಹಾಗಾದರೆ ಈ ಚಿತ್ರಗಳು ಏಳೇ ನಿಮಿಷದ ಕೆಲಸವೇ? ಅಲ್ಲ. ಮೋನೆ ರುವಾನ್ ಪಟ್ಟಣದ ಕೆಥೆಡ್ರಲ್ಲನ್ನು 1892 ಮತ್ತು 1893ರಲ್ಲಿ ಎದುರಿನ ಕಟ್ಟಡಗಳ ಕಿಟಕಿಯಿಂದ ನೋಡಿ ಬರೆದ. ಬಳಿಕ ಜಿವರ್ನಿಯ ಸ್ಟುಡಿಯೊದಲ್ಲಿ ತಿದ್ದಿದ. ಸರಣಿಯ ಬಹುಪಾಲು ಚಿತ್ರಗಳ ಮೇಲಿರುವುದು 1894ರ ಇಸವಿ. ಕ್ಷಣಮಾತ್ರದ ಬೆಳಕಿಗೆ ಎರಡು ವರ್ಷದ ದುಡಿಮೆ! ಇದನ್ನು ಮೋಸ ಎನ್ನಲಾಗದು. ಕಂಡದ್ದು ಕಣ್ಣಿನಿಂದ ಜಾರಿಹೋಗುತ್ತದೆ. ಅದನ್ನು ಮತ್ತೊಬ್ಬರಿಗೆ ಕಾಣಿಸಬೇಕಾದರೆ ನಿಧಾನವಾಗಿ ಕಟ್ಟಬೇಕಾಗುತ್ತದೆ.

ಮೆದೆಯ ಚಿತ್ರ ಯಾವುದಾದರೂ ಪುಸ್ತಕದಲ್ಲಿ ಸಿಕ್ಕರೆ, ಮೊದಲು ಅದರ ನೆರಳನ್ನು ನೋಡಿ. ಅದು ಕಪ್ಪಾಗಿರುವುದಿಲ್ಲ; ನೀಲಿ, ನೇರಳೆ ಬಣ್ಣಗಳು ಕಾಣುತ್ತವೆ. ಅದು ಎಷ್ಟು ಉದ್ದ, ಯಾವ ಕಡೆಗೆ ಎಂದು ಗಮನಿಸಿದರೆ ಹೊತ್ತು ಎಷ್ಟಾಗಿತ್ತೆಂದು ನೀವೇ ಊಹಿಸಬಹುದು.